ಸಿನ್ಸಾ, ಫಾರಾ? ಉತ್ತರ ಕನ್ನಡದಲ್ಲೇ ಇದೆ

(ಗ್ರಂಥಾಲಯವೊಂದರ ಭಾನುವಾರದ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ. ಕೇಳುಗರು ತಮ್ಮ ಇಂಗ್ಲಿಷ್ ಪ್ರಶ್ನೆಗಳನ್ನು ಮೊದಲೇ ಚೀಟಿಯಲ್ಲಿ ಬರೆದುಕೊಟ್ಟಿದ್ದರು.)

ಎಲ್ಲರಿಗೂ ನಮಸ್ಕಾರ.

ನೀವು ಕೊಟ್ಟ ಚೀಟಿಗಳನ್ನೆಲ್ಲ ಓದಿದೆ. ಪ್ರಶ್ನೆಗಳು ಬೇರೆ ಬೇರೆ. ಆದರೆ ಎಷ್ಟೋ ಚೀಟಿಗಳ ಕೊನೆಯಲ್ಲಿ ಒಂದೇ ಅಳಲು: 'ರೂಲ್ ಗೊತ್ತಿದೆ ಮೇಡಂ, ಆದರೂ ಮಾತಾಡುವಾಗ ತಪ್ಪುತ್ತದೆ.'

ತಪ್ಪೇ ತಪ್ಪುತ್ತದೆ. ಯಾಕೆಂದರೆ ಆ ತಪ್ಪುಗಳು ಸುಮ್ನೆ ಬಾಯಿತಪ್ಪಿ ಬಂದವಲ್ಲ. ಅವು ಅಚ್ಚುಕಟ್ಟಾದ ಕನ್ನಡ ವಾಕ್ಯಗಳು, ಪದಗಳು ಮಾತ್ರ ಇಂಗ್ಲಿಷಿನವು. ಗ್ರಾಮರ್ ಪುಸ್ತಕ ಬರೆದವರಿಗೆ ಕನ್ನಡ ಬರುವುದಿಲ್ಲ, ಹಾಗಾಗಿ ಈ ಮಾತನ್ನು ಅವರು ಹೇಳುವುದಿಲ್ಲ. ಇವತ್ತು ನಾನು ಆ ಕಡೆಯಿಂದಲೇ ಹೋಗುತ್ತೇನೆ. ಕನ್ನಡ ನಮಗೆ ತೊಂದರೆ ಕೊಡುವುದು ನಿಜ. ಆದರೆ ತೊಂದರೆ ಬಿಡಿಸುವ ದಾರಿಯೂ ಬಹಳ ಸಲ ಅಲ್ಲೇ ಸಿಗುತ್ತದೆ.

ಜಾಸ್ತಿ ಚೀಟಿ ಬಂದಿರುವುದು ಸಿನ್ಸ್ ಮತ್ತು ಫಾರ್ ಬಗ್ಗೆ. 'ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್.' ಬೆಂಗಳೂರಿನ ಯಾವ ಆಫೀಸಿಗೆ ಹೋದರೂ ದಿನಕ್ಕೊಮ್ಮೆ ಈ ವಾಕ್ಯ ಕಿವಿಗೆ ಬೀಳುತ್ತದೆ. ಇದು 'ಐದು ವರ್ಷದಿಂದ ಇಲ್ಲಿ ಕೆಲಸ ಮಾಡ್ತಾ ಇದ್ದೀನಿ' ಅನ್ನುವುದರ ನೆರಳು. ನಮ್ಮ 'ಇಂದ' ಎಷ್ಟು ಕೆಲಸ ಮಾಡುತ್ತದೆ ನೋಡಿ. ಮೈಸೂರಿನಿಂದ ಬಂದೆ, ಚಾಕುವಿನಿಂದ ಕತ್ತರಿಸಿದೆ, ಮಳೆಯಿಂದ ಬೆಳೆ ಹೋಯಿತು, ಸೋಮವಾರದಿಂದ ಜ್ವರ, ಮೂರು ದಿನದಿಂದ ಜ್ವರ. ನಮಗೆ ಎಲ್ಲವೂ ಒಂದೇ 'ಇಂದ'. ಇಂಗ್ಲಿಷಿನಲ್ಲಿ ಇದಕ್ಕೆ ಐದು ಬೇರೆ ಬೇರೆ ಪದ ಬೇಕು. ಕೊನೆಯ ಎರಡರ ನಡುವೆ ನಾವು ಎಡವುತ್ತೇವೆ.

ಹೀಗೆ ಮಾಡಿ. ನಿಮ್ಮ 'ಇಂದ' ಯಾವ ಪ್ರಶ್ನೆಗೆ ಉತ್ತರ ಅಂತ ನೋಡಿ. 'ಯಾವಾಗಿನಿಂದ?' ಅನ್ನುವುದಕ್ಕೆ ಉತ್ತರವಾದರೆ ಸಿನ್ಸ್: 2019ರಿಂದ, ಸೋಮವಾರದಿಂದ, ಚಿಕ್ಕಂದಿನಿಂದ, ಮದುವೆಯಾದಾಗಿನಿಂದ. 'ಎಷ್ಟು ಕಾಲದಿಂದ?' ಅನ್ನುವುದಕ್ಕೆ ಉತ್ತರವಾದರೆ ಫಾರ್: ಐದು ವರ್ಷದಿಂದ, ತುಂಬಾ ಹೊತ್ತಿನಿಂದ.

ಆ ವಾಕ್ಯದಲ್ಲಿ ಇನ್ನೊಂದು ಗಂಟೂ ಇದೆ. ಕೆಲಸ ಹಿಂದೆ ಶುರುವಾಗಿ ಇವತ್ತಿಗೂ ನಡೆಯುತ್ತಿದ್ದರೆ 'ಆ್ಯಮ್ ವರ್ಕಿಂಗ್' ಸಾಲದು, 'ಹ್ಯಾವ್ ಬೀನ್ ವರ್ಕಿಂಗ್' ಬೇಕು. 'ಐ ವರ್ಕ್ಡ್ ಹಿಯರ್ ಫಾರ್ ಫೈವ್ ಇಯರ್ಸ್' ಅಂದರೆ ನೀವು ಕೆಲಸ ಬಿಟ್ಟಿದ್ದೀರಿ ಅಂತ ಅರ್ಥ. ಇಂಟರ್‌ವ್ಯೂನಲ್ಲಿ ಇದು ಸಣ್ಣ ವ್ಯತ್ಯಾಸ ಅಲ್ಲ. ಕನ್ನಡದಲ್ಲಿ ಇದೇ ವ್ಯತ್ಯಾಸ ನೀವು ದಿನಾ ಮಾಡುತ್ತೀರಿ. 'ಐದು ವರ್ಷ ಅಲ್ಲಿ ಕೆಲಸ ಮಾಡಿದೆ' ಅಂದರೆ ಬಿಟ್ಟ ಕೆಲಸ. 'ಐದು ವರ್ಷದಿಂದ ಮಾಡ್ತಾ ಇದ್ದೀನಿ' ಅಂದರೆ ಇನ್ನೂ ಅಲ್ಲೇ.

ಇದರ ಪಕ್ಕದ ಮನೆಯದೇ ಇನ್ನೊಂದು ತಪ್ಪು. 'ಲಾಸ್ಟ್ ವೀಕ್ ಐ ಹ್ಯಾಡ್ ಗಾನ್ ಟು ಮೈಸೂರ್.' ಕನ್ನಡದಲ್ಲಿ 'ಹೋದ ವಾರ ಮೈಸೂರಿಗೆ ಹೋಗಿದ್ದೆ' ಅನ್ನುತ್ತೇವೆ. ಅಂದರೆ ಹೋಗಿ ವಾಪಸ್ ಬಂದೆ, ಆ ಕಥೆ ಮುಗಿಯಿತು ಅಂತ. ಆ 'ಇದ್ದೆ' ನಮ್ಮ ಬಾಯಲ್ಲಿ 'ಹ್ಯಾಡ್' ಆಗುತ್ತದೆ. ಆದರೆ ಇಂಗ್ಲಿಷ್ ಕಿವಿಗೆ 'ಹ್ಯಾಡ್ ಗಾನ್' ಅಂದ ಕೂಡಲೇ ಇನ್ನೊಂದು ಘಟನೆ ಬೇಕು: ನಾನು ಮೈಸೂರಿಗೆ ಹೋಗಿಯಾಗಿತ್ತು, ಆಮೇಲೆ ಏನೋ ಆಯಿತು. ನೀವು ಅಲ್ಲಿಗೇ ನಿಲ್ಲಿಸಿದರೆ ಕೇಳುವವರು ಮುಂದಿನ ಕಥೆಗೆ ಕಾಯುತ್ತಾ ಕೂರುತ್ತಾರೆ. ಸುಮ್ನೆ 'ಐ ವೆಂಟ್' ಅನ್ನಿ, ಸಾಕು.

ಬಾಸ್ ಊರಲ್ಲಿಲ್ಲದಿದ್ದಾಗ ಮಾತ್ರ ಹುಷಾರು. 'ಹಿ ಹ್ಯಾಸ್ ಗಾನ್ ಟು ಡೆಲ್ಲಿ' ಅಂದರೆ ಇನ್ನೂ ಬಂದಿಲ್ಲ. 'ಹಿ ಹ್ಯಾಸ್ ಬೀನ್ ಟು ಡೆಲ್ಲಿ' ಅಂದರೆ ಹೋಗಿ ಬಂದಿದ್ದಾರೆ.

ಈಗ ಆರ್ಟಿಕಲ್. 'ಎ', 'ಆ್ಯನ್', 'ದಿ' ಕನ್ನಡದಲ್ಲಿ ಇಲ್ಲ, ಅದಕ್ಕೇ ನಮಗೆ ಕಷ್ಟ ಅಂತ ಶಾಲೆಯಲ್ಲಿ ಹೇಳಿಕೊಡುತ್ತಾರೆ. ನನಗೆ ಈ ಮಾತು ಅರ್ಧ ಮಾತ್ರ ಒಪ್ಪಿಗೆ. ಆ ಪದಗಳು ಇಲ್ಲ, ನಿಜ. ಅವು ಮಾಡುವ ಕೆಲಸ ಮಾತ್ರ ಕನ್ನಡದಲ್ಲಿ ದಿನವೂ ನಡೆಯುತ್ತದೆ.

'ಮನೇಲಿ ಹಾವು ಇದೆ' ಅನ್ನಿ. 'ಹಾವು ಮನೇಲಿ ಇದೆ' ಅನ್ನಿ. ಎರಡೂ ಒಂದೇನಾ? ಮೊದಲನೆಯದು ಹೊಸ ಸುದ್ದಿ, ಯಾವುದೋ ಒಂದು ಹಾವು. ಎರಡನೆಯದರಲ್ಲಿ ಹಾವಿನ ವಿಷಯ ಇಬ್ಬರಿಗೂ ಮೊದಲೇ ಗೊತ್ತು, ಅದು ಎಲ್ಲಿದೆ ಅನ್ನುವುದಷ್ಟೇ ಪ್ರಶ್ನೆ. ಇಂಗ್ಲಿಷಿನಲ್ಲಿ ಮೊದಲನೆಯದು 'ಎ ಸ್ನೇಕ್', ಎರಡನೆಯದು 'ದಿ ಸ್ನೇಕ್'. ನಾವು ಪದದ ಜಾಗ ಬದಲಿಸಿ ಮಾಡುವುದನ್ನು ಅವರು ಪದ ಸೇರಿಸಿ ಮಾಡುತ್ತಾರೆ.

ಇನ್ನೊಂದು ನೋಡಿ. 'ಹೆಣ್ಣು ನೋಡೋಕೆ ಹೋಗಿದ್ದಾರೆ' ಅಂದರೆ ಹುಡುಗನಿಗೆ ಸಂಬಂಧ ಹುಡುಕುತ್ತಿದ್ದಾರೆ, ಹೆಣ್ಣು ಯಾರು ಅಂತ ನಮಗೆ ಗೊತ್ತಿರಬೇಕಿಲ್ಲ. 'ಹೆಣ್ಣನ್ನ ನೋಡೋಕೆ ಹೋಗಿದ್ದಾರೆ' ಅಂದರೆ ಇಂಥವಳು ಅಂತ ಗೊತ್ತಿರುವ ಹುಡುಗಿ. ಒಂದು 'ಅನ್ನು' ಇಷ್ಟು ಕೆಲಸ ಮಾಡಿತು. ಅಜ್ಜಿ ಹೇಳುವ ಕಥೆಯಲ್ಲೂ ಇದೇ ಇದೆ. 'ಒಂದೂರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಇಬ್ಬರು ಹೆಂಡತಿಯರು.' ಮೊದಲು 'ಒಬ್ಬ', ಆಮೇಲೆ 'ಆ'.

ಹಾಗಾಗಿ ಅನುಮಾನ ಬಂದಾಗ ಪದದ ಮುಂದೆ 'ಯಾವುದೋ ಒಂದು' ಇಟ್ಟು ನೋಡಿ. ಸರಿಹೋದರೆ 'ಎ'. 'ಅದೇ, ನಿಮಗೆ ಗೊತ್ತಲ್ಲ' ಅನ್ನುವುದು ಸರಿಹೋದರೆ 'ದಿ'. ಎರಡೂ ಸರಿಹೋಗದೆ, ವಸ್ತುವಿನ ಬಗ್ಗೆ ಒಟ್ಟಾರೆ ಮಾತಾಡುತ್ತಿದ್ದರೆ ಏನೂ ಬೇಡ. 'ಐ ಲೈಕ್ ಕಾಫಿ' ಅಂದರೆ ಕಾಫಿ ಅನ್ನುವ ಪದಾರ್ಥ ಇಷ್ಟ. 'ದಿ ಕಾಫಿ ವಾಸ್ ಕೋಲ್ಡ್' ಅಂದರೆ ಈಗ ಕುಡಿದ ಆ ಲೋಟದ ಕಾಫಿ.

ಈ ಉಪಾಯ ಕೈಕೊಡುವ ಒಂದು ಜಾಗ ಇದೆ. 'ಅವರು ಡಾಕ್ಟರ್', 'ನಾನು ಟೀಚರ್' ಅನ್ನುವಾಗ ಕನ್ನಡದಲ್ಲಿ 'ಒಬ್ಬ' ಬರುವುದೇ ಇಲ್ಲ. ಇಂಗ್ಲಿಷಿನಲ್ಲಿ 'ಎ ಡಾಕ್ಟರ್', 'ಎ ಟೀಚರ್' ಬೇಕೇ ಬೇಕು. ಎಣಿಸಬಹುದಾದ ವಸ್ತುವಿನ ಏಕವಚನ ಪದವನ್ನು ಇಂಗ್ಲಿಷ್ ಒಂಟಿಯಾಗಿ ಬಿಡುವುದು ತೀರಾ ಅಪರೂಪ. ಮುಂದೆ 'ಎ' ಅಥವಾ 'ದಿ' ಅಥವಾ 'ಮೈ', 'ದಿಸ್' ಹೀಗೆ ಏನಾದರೂ ಇರಲೇಬೇಕು. ಆರ್ಟಿಕಲ್ ಬಗ್ಗೆ ಒಂದೇ ಒಂದು ರೂಲ್ ನೆನಪಿಟ್ಟುಕೊಳ್ಳುತ್ತೇನೆ ಅನ್ನುವವರು ಇದನ್ನು ಇಟ್ಟುಕೊಳ್ಳಿ. ಇನ್ನು ನದಿಗಳ ಹೆಸರಿಗೆ, ಬೆಟ್ಟಸಾಲಿನ ಹೆಸರಿಗೆ 'ದಿ' ಬರುತ್ತದೆ: 'ದಿ ಕಾವೇರಿ', 'ದಿ ವೆಸ್ಟರ್ನ್ ಘಾಟ್ಸ್'. ಒಂಟಿ ಬೆಟ್ಟಕ್ಕೆ, ಕೆರೆಗೆ ಸಾಮಾನ್ಯವಾಗಿ ಬರುವುದಿಲ್ಲ: 'ಮೌಂಟ್ ಎವರೆಸ್ಟ್', 'ಹಲಸೂರು ಲೇಕ್'. ಯಾಕೆ ಅಂತ ಕೇಳಬೇಡಿ, ಬಳಕೆ ಹಾಗೆ.

'ಎ' ಮತ್ತು 'ಆ್ಯನ್' ನಡುವಿನ ಜಗಳಕ್ಕೆ ಕನ್ನಡ ಲಿಪಿಗಿಂತ ಒಳ್ಳೆಯ ಪಂಚಾಯಿತಿ ಇಲ್ಲ. ಪದವನ್ನು ಕನ್ನಡದಲ್ಲಿ ಬರೆಯಿರಿ. ಸ್ವರದಿಂದ ಶುರುವಾದರೆ 'ಆ್ಯನ್', ವ್ಯಂಜನದಿಂದ ಶುರುವಾದರೆ 'ಎ'. ಅವರ್ ಅಂದರೆ ಗಂಟೆ, 'ಅ' ಇದೆ, 'ಆ್ಯನ್ ಅವರ್'. ಯೂನಿವರ್ಸಿಟಿಯಲ್ಲಿ 'ಯ' ಇದೆ, 'ಎ ಯೂನಿವರ್ಸಿಟಿ'. ಎಂಎಲ್‌ಎ, 'ಎ' ಇದೆ, 'ಆ್ಯನ್ ಎಂಎಲ್‌ಎ'. ಇಂಗ್ಲಿಷ್ ಸ್ಪೆಲಿಂಗ್ ನೋಡಿದವರೇ ಇಲ್ಲಿ ಎಡವುವುದು. ಒಂದು ಎಚ್ಚರಿಕೆ: ನಮ್ಮಲ್ಲಿ ಎಗ್ ಅನ್ನು 'ಯೆಗ್' ಅಂತ, ಓನ್ಲಿಯನ್ನು 'ವೋನ್ಲಿ' ಅಂತ ಹೇಳುವವರು ಇದ್ದಾರೆ. ಹಾಗೆ ಬರೆದುಕೊಂಡರೆ ಪಂಚಾಯಿತಿ ಕೆಡುತ್ತದೆ.

ಮುಂದಿನದು ನನ್ನ ಅಚ್ಚುಮೆಚ್ಚಿನ ಪ್ರಶ್ನೆ, ಸ್ವಲ್ಪ ಹೊತ್ತು ಇಲ್ಲೇ ನಿಲ್ಲುತ್ತೇನೆ. 'ಐ ಆ್ಯಮ್ ಹ್ಯಾವಿಂಗ್ ಟು ಚಿಲ್ಡ್ರನ್' ತಪ್ಪು, 'ಐ ಆ್ಯಮ್ ಹ್ಯಾವಿಂಗ್ ಲಂಚ್' ಸರಿ. 'ಐ ಆ್ಯಮ್ ನಾಟ್ ಅಂಡರ್‌ಸ್ಟ್ಯಾಂಡಿಂಗ್' ತಪ್ಪು, 'ಐ ಆ್ಯಮ್ ನಾಟ್ ಲಿಸನಿಂಗ್' ಸರಿ. ಎಲ್ಲಿ 'ಇಂಗ್' ಹಾಕಬೇಕು, ಎಲ್ಲಿ ಹಾಕಬಾರದು? ಪುಸ್ತಕಗಳಲ್ಲಿ ಒಂದು ಉದ್ದ ಪಟ್ಟಿ ಕೊಟ್ಟಿರುತ್ತಾರೆ. ನೋ, ವಾಂಟ್, ಲೈಕ್, ಅಂಡರ್‌ಸ್ಟ್ಯಾಂಡ್, ರಿಮೆಂಬರ್, ಸೀ, ಹಿಯರ್, ಹ್ಯಾವ್, ಇವಕ್ಕೆಲ್ಲ 'ಇಂಗ್' ಬೇಡ ಅಂತ. ಪಟ್ಟಿ ಬಾಯಿಪಾಠ ಮಾಡಿದವರು ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ.

ಆ ಪಟ್ಟಿಯನ್ನು ಕನ್ನಡದಲ್ಲಿ ಹೇಳಿ ನೋಡಿ. ನನಗೆ ಗೊತ್ತು. ನನಗೆ ಬೇಕು. ನನಗೆ ಇಷ್ಟ. ನನಗೆ ಅರ್ಥವಾಗುತ್ತದೆ. ನನಗೆ ನೆನಪಿದೆ. ನನಗೆ ಕಾಣುತ್ತದೆ. ನನಗೆ ಕೇಳಿಸುತ್ತದೆ. ನನಗೆ ಇಬ್ಬರು ಮಕ್ಕಳಿದ್ದಾರೆ. ಏನು ಕಂಡಿತು? ಎಲ್ಲವೂ 'ನನಗೆ'. ಒಂದರಲ್ಲೂ 'ನಾನು' ಇಲ್ಲ. ಇವು ನಾವು ಕೈಯಾರೆ ಮಾಡುವ ಕೆಲಸಗಳಲ್ಲ, ನಮಗೆ ಆಗುವಂಥವು, ನಮಗೆ ಇರುವಂಥವು. ಕನ್ನಡ ಅದನ್ನು 'ನನಗೆ' ಅಂತ ಬೇರೆ ಮಾಡಿ ತೋರಿಸುತ್ತದೆ. ಇಂಗ್ಲಿಷ್ ಅದನ್ನೇ 'ಇಂಗ್' ಹಾಕದೆ ತೋರಿಸುತ್ತದೆ.

ಇನ್ನೂ ಚೆನ್ನಾಗಿರುವುದು ಮುಂದೆ ಇದೆ. 'ಹ್ಯಾವಿಂಗ್ ಲಂಚ್' ಯಾಕೆ ಸರಿ? ಯಾಕೆಂದರೆ ಕನ್ನಡದಲ್ಲಿ ಅದು 'ನಾನು ಊಟ ಮಾಡ್ತಿದ್ದೀನಿ'. 'ನಾನು' ಬಂತು, 'ಇಂಗ್' ಬಂತು. 'ಐ ಥಿಂಕ್' ಅಂದರೆ 'ನನಗೆ ಅನ್ನಿಸುತ್ತೆ', ಅದಕ್ಕೆ 'ಇಂಗ್' ಇಲ್ಲ. 'ಐ ಆ್ಯಮ್ ಥಿಂಕಿಂಗ್' ಅಂದರೆ 'ನಾನು ಯೋಚಿಸ್ತಿದ್ದೀನಿ', ಅದಕ್ಕೆ ಇದೆ. 'ಹಿಯರ್' ನನಗೆ ಕೇಳಿಸುವುದು, 'ಲಿಸನ್' ನಾನು ಕೇಳುವುದು. 'ಸೀ' ನನಗೆ ಕಾಣುವುದು, 'ಲುಕ್' ಮತ್ತು 'ವಾಚ್' ನಾನು ನೋಡುವುದು. ಸೀ, ಲುಕ್, ವಾಚ್ ನಡುವೆ ಏನು ವ್ಯತ್ಯಾಸ ಅಂತ ಕೇಳಿದ್ದ ಚೀಟಿಗೂ ಅರ್ಧ ಉತ್ತರ ಸಿಕ್ಕಿತು, ಅಲ್ವಾ? ಉಳಿದರ್ಧ ಇಷ್ಟೇ: ಸುಮ್ನೆ ಕಣ್ಣು ಹಾಯಿಸಿದರೆ ಲುಕ್, ಮ್ಯಾಚ್ ನೋಡುವ ಹಾಗೆ ಕೂತು ನೋಡಿದರೆ ವಾಚ್.

ನೂರಕ್ಕೆ ನೂರು ಇದು ಸರಿ ಅಂತ ನಾನು ಹೇಳುವುದಿಲ್ಲ. 'ನಾನು ನಂಬುತ್ತೇನೆ' ಅನ್ನುವುದರಲ್ಲಿ 'ನಾನು' ಇದ್ದರೂ ಇಂಗ್ಲಿಷಿನಲ್ಲಿ 'ಐ ಬಿಲೀವ್' ಅಂತಲೇ ಹೇಳಬೇಕು. 'ನನಗೆ ಹೇಗೋ ಆಗ್ತಿದೆ' ಅನ್ನುವಾಗ 'ಫೀಲ್', 'ಫೀಲಿಂಗ್' ಎರಡೂ ನಡೆಯುತ್ತವೆ. ಒಬ್ಬರು ಕೇಳಿದ್ದಾರೆ, ಮೆಕ್‌ಡೊನಾಲ್ಡ್ಸ್‌ನವರು 2003ರಿಂದ 'ಐ ಆ್ಯಮ್ ಲವಿಂಗ್ ಇಟ್' ಅಂತ ಹಾಕಿಕೊಂಡಿದ್ದಾರಲ್ಲ, ಅದು ಸರಿಯಾ ಅಂತ. ಈ ಕ್ಷಣದಲ್ಲಿ ಸವಿಯುತ್ತಿದ್ದೇನೆ ಅನ್ನುವ ಧಾಟಿಯಲ್ಲಿ ಈಗ ಜನ ಹಾಗೆ ಮಾತಾಡುತ್ತಾರೆ. ಜಾಹೀರಾತಿಗೆ ಸರಿ. ಅರ್ಜಿ ಬರೆಯುವಾಗ ಬೇಡ.

ಇನ್ನೆರಡು ಪುಟ್ಟ ಪ್ರತ್ಯಯಗಳು ನಮ್ಮನ್ನು ಹೇಗೆ ಆಟ ಆಡಿಸುತ್ತವೆ ನೋಡಿ. ಒಂದು 'ಏ', ಇನ್ನೊಂದು 'ಊ'.

'ಇಲ್ಲೇ ಇದ್ದೀನಿ' ಅನ್ನುವುದು 'ಐ ಆ್ಯಮ್ ಹಿಯರ್ ಓನ್ಲಿ' ಆಗುತ್ತದೆ. ಇದನ್ನು ಕೇಳಿ ನಗುವವರು ಇದ್ದಾರೆ. ನಗುವುದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಕ್ಲೈಂಟ್ ಫೋನ್ ಮಾಡಿ ಫೈಲ್ ಬಂದಿಲ್ಲ ಅನ್ನುತ್ತಾರೆ. ನೀವು 'ನಿನ್ನೆಯೇ ಕಳಿಸಿದೆ' ಅಂತ ಮನಸ್ಸಿನಲ್ಲಿಟ್ಟುಕೊಂಡು 'ಐ ಸೆಂಟ್ ಇಟ್ ಯೆಸ್ಟರ್‌ಡೇ ಓನ್ಲಿ' ಅನ್ನುತ್ತೀರಿ. ನಿಮ್ಮ ಅರ್ಥ: ತಡ ಮಾಡಿಲ್ಲ, ನಿನ್ನೆಯೇ ಹೋಗಿದೆ. ಅವರಿಗೆ ಕೇಳಿಸುವುದು: ನಿನ್ನೆಯವರೆಗೂ ಕಳಿಸಿರಲಿಲ್ಲ, ನಿನ್ನೆ ತಾನೇ ಕಳಿಸಿದೆ. ತಡ ಮಾಡಿಲ್ಲ ಅಂತ ಹೇಳಲು ಹೋಗಿ ತಡ ಮಾಡಿದೆ ಅಂತ ಒಪ್ಪಿಕೊಂಡ ಹಾಗಾಯಿತು. ಇಂಗ್ಲಿಷಿನಲ್ಲಿ ಈ 'ಏ'ಗೆ ಬೇರೆ ಪದ ಬೇಕಿಲ್ಲ, ಒತ್ತಿ ಹೇಳಿದರೆ ಸಾಕು. ಬರೆಯುವಾಗ 'ಐ ಆಲ್ರೆಡಿ ಸೆಂಟ್ ಇಟ್ ಯೆಸ್ಟರ್‌ಡೇ' ಅನ್ನಿ.

'ಊ' ಕಥೆಯೂ ಇಂಥದ್ದೇ. 'ನನಗೂ ಕಾಫಿ ಇಷ್ಟ', 'ಮಕ್ಕಳಿಗೂ ಗೊತ್ತು'. ಮೊದಲನೆಯದರಲ್ಲಿ 'ಊ' ಅಂದರೆ ಜೊತೆಗೆ ಅಂತ. ಎರಡನೆಯದರಲ್ಲಿ ಮಕ್ಕಳಿಗೆ ಸಹ ಗೊತ್ತಿರುವಷ್ಟು ಸುಲಭ ಅಂತ. ನಾವು ಎರಡಕ್ಕೂ 'ಈವನ್' ಹಾಕುತ್ತೇವೆ. 'ಈವನ್ ಐ ಲೈಕ್ ಕಾಫಿ.' ಇದನ್ನು ಕೇಳಿದ ಹೊರಗಿನವರು, ಪಾಪ, ಇವರು ಕಾಫಿ ಕಂಡರೆ ಉರಿದು ಬೀಳುವ ಮನುಷ್ಯ ಇರಬೇಕು, ಇವರಿಗೇ ಇಷ್ಟವಾಗಿದೆಯಂತೆ ಅಂದುಕೊಳ್ಳುತ್ತಾರೆ. 'ಐ ಲೈಕ್ ಕಾಫಿ ಟೂ' ಅನ್ನಿ. ಅಚ್ಚರಿ ತೋರಿಸಬೇಕಾದಾಗ ಮಾತ್ರ 'ಈವನ್'.

ಪದಗಳ ಆಯ್ಕೆ ಬಗ್ಗೆ ಬಂದ ಚೀಟಿಗಳನ್ನು ಬೇಗ ಮುಗಿಸುತ್ತೇನೆ. 'ಡಿಸ್ಕಸ್ ಅಬೌಟ್' ಬೇಡ, 'ಡಿಸ್ಕಸ್' ಸಾಕು. 'ಅದರ ಬಗ್ಗೆ' ಅನ್ನುವುದು ಆ ಪದದೊಳಗೇ ಇದೆ. ಆದರೆ 'ಎ ಡಿಸ್ಕಷನ್ ಅಬೌಟ್' ಸರಿ. 'ರಿಕ್ವೆಸ್ಟ್' ಕೂಡ ಹಾಗೇ, ನಾಮಪದವಾದರೆ 'ಫಾರ್' ಬೇಕು, ಕ್ರಿಯಾಪದವಾದರೆ ಬೇಡ. 'ಆ್ಯಂಗ್ರಿ ಆನ್ ಹಿಮ್' ಅನ್ನುವುದು 'ಅವನ ಮೇಲೆ ಕೋಪ'ದಿಂದ ಬಂತು, 'ಮ್ಯಾರೀಡ್ ವಿತ್' ಅನ್ನುವುದು 'ಅವರ ಜೊತೆ ಮದುವೆ'ಯಿಂದ. ಇಂಗ್ಲಿಷಿನಲ್ಲಿ 'ಆ್ಯಂಗ್ರಿ ವಿತ್', 'ಮ್ಯಾರೀಡ್ ಟು'. 'ಟೆಲ್' ಹೇಳಿದರೆ ಯಾರಿಗೆ ಅಂತ ತಕ್ಷಣ ಬರಬೇಕು: 'ಹಿ ಟೋಲ್ಡ್ ಮಿ'. 'ಸೇ'ಗೆ ಆ ಕಟ್ಟುಪಾಡು ಇಲ್ಲ: 'ಹಿ ಸೆಡ್ ದಟ್'. ಎದ್ದು ಓಡಾಡಬಹುದಾದ ಗಾಡಿಗೆ 'ಆನ್': ಬಸ್ಸು, ರೈಲು, ವಿಮಾನ. ಮುದುರಿ ಕೂರುವ ಗಾಡಿಗೆ 'ಇನ್': ಕಾರು, ಆಟೋ. ಬೆಳಗಿನ ಹೊತ್ತು ಬಿಎಂಟಿಸಿ ಬಸ್ಸಿನಲ್ಲಿ ಓಡಾಡಲು ಎಲ್ಲಿ ಜಾಗ ಇದೆ ಅಂತ ಮುಂದಿನ ಸಾಲಿನವರು ಕೇಳುತ್ತಿದ್ದಾರೆ. ಜಾಗ ಇಲ್ಲದಿದ್ದರೂ 'ಆನ್ ದಿ ಬಸ್' ಅಂತಲೇ ಹೇಳಬೇಕು.

'ಕ್ಯಾನ್ ಯು ಟೆಲ್ ಮಿ ವೇರ್ ಈಸ್ ದಿ ಬ್ಯಾಂಕ್?' ಇದರಲ್ಲಿ ಏನು ತಪ್ಪು ಅಂತ ಒಬ್ಬರು ಕೇಳಿದ್ದಾರೆ. ಕನ್ನಡದಲ್ಲಿ 'ಬ್ಯಾಂಕ್ ಎಲ್ಲಿದೆ?' ಅಂದರೂ 'ಬ್ಯಾಂಕ್ ಎಲ್ಲಿದೆ ಅಂತ ಹೇಳ್ತೀರಾ?' ಅಂದರೂ ಒಳಗಿನ ಮಾತು ಬದಲಾಗುವುದಿಲ್ಲ. ಇಂಗ್ಲಿಷಿನಲ್ಲಿ ಪ್ರಶ್ನೆಯನ್ನು ಇನ್ನೊಂದು ವಾಕ್ಯದೊಳಗೆ ಕೂರಿಸಿದರೆ ಅದು ಪ್ರಶ್ನೆಯ ವೇಷ ಕಳಚಬೇಕು: 'ವೇರ್ ದಿ ಬ್ಯಾಂಕ್ ಈಸ್'.

ಇನ್ನು ಕೆಲವು ಚೀಟಿಗಳಲ್ಲಿ ಬರೀ ಹೆದರಿಕೆ ಇದೆ. ಇದು ಇಂಡಿಯನ್ ಇಂಗ್ಲಿಷ್ ಅಂತೆ, ಹೇಳಲೇಬಾರದಂತೆ, ಹೌದಾ? 'ಪ್ರಿಪೋನ್', ಅಂದರೆ ಗೊತ್ತುಮಾಡಿದ ಸಮಯಕ್ಕಿಂತ ಮುಂಚೆ ಇಟ್ಟುಕೊಳ್ಳುವುದು, ಆಕ್ಸ್‌ಫರ್ಡ್ ನಿಘಂಟಿನಲ್ಲಿದೆ. ಒಳ್ಳೆಯ ಪದ, ನಮ್ಮಲ್ಲಿ ಧೈರ್ಯವಾಗಿ ಬಳಸಿ. ಲಂಡನ್ನಿನವರಿಗೆ ಬರೆಯುವಾಗ 'ಬ್ರಿಂಗ್ ಫಾರ್ವರ್ಡ್' ಅಂದರೆ ಬೇಗ ಅರ್ಥವಾಗುತ್ತದೆ, ಅಷ್ಟೇ. 'ಡು ದಿ ನೀಡ್‌ಫುಲ್' ನಾವು ಹುಟ್ಟಿಸಿದ್ದಲ್ಲ, ಬ್ರಿಟಿಷರ ಹಳೆಯ ಕಚೇರಿ ಭಾಷೆ. ಅಲ್ಲಿ ಅದು ಹೆಚ್ಚುಕಡಿಮೆ ಹೋಯಿತು, ನಮ್ಮ ಫೈಲುಗಳಲ್ಲಿ ಉಳಿಯಿತು. ನನಗೆ ಅದು ಇಷ್ಟವಿಲ್ಲ, ಹಳೆಯದು ಅಂತಲ್ಲ, ಏನು ಮಾಡಬೇಕು ಅಂತಲೇ ಅದು ಹೇಳುವುದಿಲ್ಲ. 'ಕಸಿನ್ ಬ್ರದರ್' ಅನ್ನುವವರ ಪರ ನಾನಿದ್ದೇನೆ. ಚಿಕ್ಕಪ್ಪನ ಮಗ ನಮಗೆ ಅಣ್ಣನೋ ತಮ್ಮನೋ ಆಗುತ್ತಾನೆ, ಸೋದರಮಾವನ ಮಗ ಭಾವನೋ ಮೈದುನನೋ ಆಗುತ್ತಾನೆ. ಬರೀ 'ಕಸಿನ್' ಅಂದರೆ ಗಂಡೋ ಹೆಣ್ಣೋ ಅನ್ನುವುದೂ ಗೊತ್ತಾಗುವುದಿಲ್ಲ. ಆದರೆ 'ಐ ಪಾಸ್ಡ್ ಔಟ್ ಇನ್ 2015' ಅಂತ ಅಮೆರಿಕದಲ್ಲಿ ಹೇಳಬೇಡಿ. ಅಲ್ಲಿ ಅದರ ಅರ್ಥ ಪ್ರಜ್ಞೆ ತಪ್ಪಿ ಬಿದ್ದೆ ಅಂತ. 'ಗ್ರ್ಯಾಜುಯೇಟೆಡ್' ಅನ್ನಿ.

ವಾಕ್ಯದ ಕೊನೆಯಲ್ಲಿ ಪ್ರಿಪೊಸಿಷನ್, ಅಂದರೆ ಇನ್, ಆನ್, ಫಾರ್ ಥರದ ಪದ, ಬರಬಾರದು ಅಂತ ಚೀಟಿ ಬರೆದ ಒಬ್ಬರಿಗೆ ಮೇಷ್ಟ್ರು ಹೊಡೆದಿದ್ದರಂತೆ. ಡ್ರೈಡನ್ ಅನ್ನುವ ಕವಿ 1672ರಲ್ಲಿ ತನಗಿಂತ ಹಿಂದಿನ ಬೆನ್ ಜಾನ್ಸನ್ ಬರಹದಲ್ಲಿ ಇದನ್ನು ತಪ್ಪು ಅಂತ ಎತ್ತಿ ತೋರಿಸಿದ. ಆಮೇಲೆ ಶಾಲೆಗಳು ಅದನ್ನು ಹಿಡಿದುಕೊಂಡವು. ಇಂಗ್ಲಿಷಿನವರು ಅದಕ್ಕೆ ಮೊದಲೂ ಹಾಗೆ ಮಾತಾಡುತ್ತಿದ್ದರು, ಈಗಲೂ ಮಾತಾಡುತ್ತಾರೆ. 'ವಾಟ್ ಆರ್ ಯು ಲುಕಿಂಗ್ ಫಾರ್?' ಚೊಕ್ಕ ಇಂಗ್ಲಿಷ್. ಒಬ್ಬರ ಬಗ್ಗೆ 'ದೇ' ಅನ್ನಬಹುದಾ ಅನ್ನುವುದೂ ಇಂಥದ್ದೇ ಪ್ರಶ್ನೆ. 14ನೇ ಶತಮಾನದಿಂದ ಅನ್ನುತ್ತಿದ್ದಾರೆ. ನಮಗಂತೂ ಇದು ಅಚ್ಚರಿಯಲ್ಲ. 'ಯಾರೋ ಫೋನ್ ಮಾಡಿದ್ರು, ಹೆಸರು ಹೇಳಲಿಲ್ಲ' ಅನ್ನುವಾಗ ಫೋನ್ ಮಾಡಿದ್ದು ಒಬ್ಬರೇ, ಕ್ರಿಯಾಪದ ಮಾತ್ರ ಬಹುವಚನ.

ಕೊನೆಯ ಚೀಟಿ. ಮಗಳ ಮನೆಗೆ ಅಂತ ಹೊರದೇಶಕ್ಕೆ ಹೊರಟಿರುವ ಒಬ್ಬ ತಾಯಿ ಕೇಳಿದ್ದಾರೆ: ಜಾಸ್ತಿ ಇಂಗ್ಲಿಷ್ ಬರಲ್ಲ, ಎಸ್ ಮತ್ತು ನೋ ಹೇಳಿಕೊಂಡು ನಿಭಾಯಿಸಬಹುದಾ?

ಅಮ್ಮ, ಆ ಎರಡರಲ್ಲೇ ಸ್ವಲ್ಪ ಅಪಾಯ ಇದೆ. 'ಊಟ ಆಗಿಲ್ವಾ?' ಅಂದರೆ ನಾವು 'ಹೌದು, ಆಗಿಲ್ಲ' ಅನ್ನುತ್ತೇವೆ. ನೀವು ಹೇಳಿದ ಮಾತು ಸರಿ ಅಂತ ಆ 'ಹೌದು'. ಇಂಗ್ಲಿಷಿನ 'ಎಸ್' ಕೇಳಿದವರ ಮಾತನ್ನು ನೋಡುವುದಿಲ್ಲ, ನಿಜಸಂಗತಿಯನ್ನು ನೋಡುತ್ತದೆ. ಊಟ ಆಗಿದ್ದರೆ 'ಎಸ್', ಆಗಿಲ್ಲದಿದ್ದರೆ 'ನೋ', ಪ್ರಶ್ನೆ ಹೇಗೇ ಕೇಳಿರಲಿ. ಅಲ್ಲಿ ಡಾಕ್ಟರ್ 'ಯು ಡೋಂಟ್ ಹ್ಯಾವ್ ಎನಿ ಅಲರ್ಜೀಸ್?' ಅಂತ ಕೇಳುತ್ತಾರೆ. ನಿಮಗೆ ಅಲರ್ಜಿ ಇಲ್ಲ. 'ಹೌದು, ಇಲ್ಲ' ಅಂತ ಮನಸ್ಸಿನಲ್ಲಿಟ್ಟುಕೊಂಡು ಬರೀ 'ಎಸ್' ಅಂದರೆ, ಅವರು ಪೆನ್ನು ತೆಗೆದುಕೊಂಡು ಯಾವ ಅಲರ್ಜಿ ಅಂತ ಕೇಳುತ್ತಾರೆ. ಏರ್‌ಪೋರ್ಟಿನ ಕಸ್ಟಮ್ಸ್‌ನಲ್ಲಿ ಉಪ್ಪಿನಕಾಯಿ ಇಲ್ಲವಾ ಅಂತ ಕೇಳಿದಾಗ ಹೀಗಾದರೆ ಪೆಟ್ಟಿಗೆ ಪೂರ್ತಿ ಬಿಚ್ಚಬೇಕಾಗುತ್ತದೆ.

ಹಾಗಾಗಿ ಬರೀ ಎಸ್, ಬರೀ ನೋ ಬೇಡ. ಜೊತೆಗೆ ಒಂದು ತುಂಡು ಸೇರಿಸಿ. ಇದ್ದರೆ 'ಎಸ್, ಐ ಹ್ಯಾವ್', ಇಲ್ಲದಿದ್ದರೆ 'ನೋ, ಐ ಡೋಂಟ್'. ಅಲ್ಲಿಯವರ ಕಿವಿಗೆ 'ಎಸ್, ಐ ಡೂ' ಇನ್ನೂ ಹಿತ, ಆದರೆ ಗಡಿಬಿಡಿಯಲ್ಲಿ ಯಾವುದು ಬಾಯಿಗೆ ಬಂದರೂ ಕೆಲಸ ನಡೆಯುತ್ತದೆ. ಉಪ್ಪಿನಕಾಯಿ ಇದ್ದರೆ ಇದೆ ಅಂತಲೇ ಹೇಳಿಬಿಡಿ.